ಅಂಗಡಿಗೆ ಹಿಂದಿರುಗಲೊಪ್ಪದ ಬಾಸ್ ಗಿಟಾರಿಗೆ ಪಾಲಿಶಿನವನ ದೂರು

ನಮ್ಮ ಮನೆಯ ಊಟದ ಮೇಜಿನ ನಾಲ್ಕನೆಯ ಕುರ್ಚಿಯಲ್ಲಿ, ಕರೆಯದೆ ಬಂದ ಬೀಗರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿರುವ ಬಾಸ್ ಗಿಟಾರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಸುಖವಾಗಿದ್ದೀರಿ ಎಂಬುದು ಇಲ್ಲಿಂದಲೇ ಕಾಣುತ್ತಿರುವುದರಿಂದ ಆ ಬಗ್ಗೆ ವಿಚಾರಿಸಿ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವುದಿಲ್ಲ. ನಾನು ಹೇಗಿದ್ದೇನೆ ಎಂದು ತಾವು ಕೇಳಿಲ್ಲ. ದೊಡ್ಡವರು ಹಾಗೆಲ್ಲ ಕೇಳುವುದಿಲ್ಲವೆಂದು ತಿಳಿದು ನಾನೇ ಹೇಳಿಕೊಳ್ಳುತ್ತೇನೆ: ಬಚ್ಚಲಿನಲ್ಲಿದ್ದೇನೆ. ಎರಡೂ ಕೈ ಮೊಣಕೈವರೆಗೆ ಸೋಪಿನ ನೊರೆಯಲ್ಲಿ ಮುಳುಗಿರುವುದರಿಂದ, ಕಿಟಕಿಯ ಅಂಚಿಗೆ ಒರಗಿಸಿಟ್ಟ ಫೋನಿಗೆ ಈ ಪತ್ರವನ್ನು ಬಾಯಲ್ಲೇ ಹೇಳುತ್ತಿದ್ದೇನೆ. ನಡುನಡುವೆ ಒದ್ದೆ ಬಟ್ಟೆ ಕುಕ್ಕಿದ ಸದ್ದು ಕೇಳಿದರೆ ಅದನ್ನು ಅಲ್ಪವಿರಾಮವೆಂದು ದಯವಿಟ್ಟು ಓದಿಕೊಳ್ಳಬೇಕು.

ಮನೆಯೊಳಗೇ ಇರುವವರಿಗೆ ಬಹಿರಂಗ ಪತ್ರವೇಕೆ, ಹತ್ತು ಹೆಜ್ಜೆ ನಡೆದು ಬಂದು ಎದುರಿಗೇ ಹೇಳಬಾರದೇ ಎಂದು ತಾವು ಕೇಳಬಹುದು. ಎದುರಿಗೆ ಬಂದರೆ ತಮ್ಮನ್ನು ನೋಡಬೇಕಾಗುತ್ತದೆ, ನೋಡಿದರೆ ಹೇಳಬೇಕಾದದ್ದು ಮರೆತುಹೋಗುತ್ತದೆ. ನನ್ನ ದೂರಿನ ಸಾರಾಂಶವೂ ಅದೇ. ಅಲ್ಲದೆ ತಮ್ಮ ಬಂಧುಬಳಗದವರು ಎಷ್ಟೋ ಅಂಗಡಿಗಳ ಗಾಜಿನ ಹಿಂದೆ ದೀಪ ಹಾಕಿಸಿಕೊಂಡು ನಿಂತಿದ್ದಾರೆ, ನನ್ನಂಥವರು ಜೇಬಿನಲ್ಲಿ ಹೆಂಡತಿ ಬರೆದುಕೊಟ್ಟ ಚೀಟಿ ಇಟ್ಟುಕೊಂಡು ಅದೇ ರಸ್ತೆಗಳಲ್ಲಿ ಈಗಲೂ ನಡೆಯುತ್ತಿದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ಆಚೆ ಬದಿಯ ಫುಟ್‌ಪಾತ್ ಹಿಡಿದರೆ ನನ್ನ ಕೈ ನೆನೆದದ್ದು ಸಾರ್ಥಕ.

ನನ್ನ ಪರಿಚಯವನ್ನು ತಾವು ಇದುವರೆಗೆ ಕೇಳದಿದ್ದರೂ ಹೇಳುವುದು ನನ್ನ ಕರ್ತವ್ಯ. ನಾನು ಮರಕ್ಕೆ ಪಾಲಿಶ್ ಹಾಕುವವನು. ಐವತ್ತು ವರ್ಷದಲ್ಲಿ ಮೂವತ್ತನ್ನು ಬೀರು, ಬಾಗಿಲು, ಮೇಜು, ಕುರ್ಚಿಗಳ ಮೇಲೆ ಅಂಗೈ ಆಡಿಸುವುದರಲ್ಲೇ ಕಳೆದಿದ್ದೇನೆ. ಕೈ ನೋಡಿ ಮುಂದಿನದನ್ನು ಹೇಳುವವರು ಇದ್ದಾರೆ. ನಾನು ಕೈಯಿಟ್ಟು ಹಿಂದಿನದನ್ನು ಹೇಳುತ್ತೇನೆ: ಈ ಮೇಜಿನ ಮೇಲೆ ಯಾರೋ ಬಿಸಿ ಪಾತ್ರೆ ಇಟ್ಟಿದ್ದರು, ಈ ಬಾಗಿಲನ್ನು ಯಾರೋ ಸಿಟ್ಟಿನಲ್ಲಿ ಒದ್ದಿದ್ದರು, ಈ ಕುರ್ಚಿಯ ಬಲಗೈಯನ್ನು ಯಾರೋ ವರ್ಷಗಟ್ಟಲೆ ಕಾಯುತ್ತಾ ಉಗುರಿನಿಂದ ಕೆರೆದಿದ್ದರು. ಸಂಗೀತಕ್ಕೂ ನನಗೂ ಇದ್ದ ಸಂಬಂಧವೆಂದರೆ ಒಮ್ಮೆ ಒಂದು ಪಿಯಾನೋದ ಮುಚ್ಚಳವನ್ನು ನುಣುಪು ಮಾಡಿಕೊಟ್ಟದ್ದು. ಅದರ ಒಳಗೇನಿದೆ ಎಂದು ಆಗಲೂ ನಾನು ಬಗ್ಗಿ ನೋಡಿರಲಿಲ್ಲ.

ಇನ್ನು ಘಟನೆಗೆ ಬರುತ್ತೇನೆ. ನಮ್ಮ ಹಳೆಯ ವಾಷಿಂಗ್ ಮಷೀನ್ ಕೊನೆಯ ಮೂರು ವಾರ ಬಟ್ಟೆ ಹಿಂಡುವಾಗಲೆಲ್ಲ ಬಚ್ಚಲಿನಿಂದ ಹೊರಟು ಅಡುಗೆಮನೆಯ ಬಾಗಿಲವರೆಗೆ ನಡೆದುಬಂದು, ಕೊನೆಗೊಂದು ದಿನ ಅರ್ಧ ದಾರಿಯಲ್ಲೇ ನಿಂತು ಪ್ರಾಣ ಬಿಟ್ಟಿತು. ನನ್ನ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು ತನ್ನ ಕಾಲ ಬಳಿಯಿರುವ ಎರಡನೆಯ ಬ್ರೇಕನ್ನು ಒತ್ತಿ ಒತ್ತಿ, ಈಗೀಗ ಮನೆಯಲ್ಲೂ ನಾನು ಏನಾದರೂ ಎಡವಟ್ಟು ಹೇಳಲು ಬಾಯಿ ತೆರೆದರೆ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಅವಳೇ ನಾಲ್ಕು ಅಂಗಡಿ ತಿರುಗಿ ಒಂದು ಮಷೀನನ್ನು ಆರಿಸಿ, ಏಳು ಕಿಲೋ, ಬಿಳಿ ಬಣ್ಣ, ಮುಂದಿನಿಂದ ಬಾಗಿಲು ಎಂದು ಚೀಟಿ ಬರೆದು, ಅದಕ್ಕೆಂದೇ ಎತ್ತಿಟ್ಟಿದ್ದ ಹಣವನ್ನು ಕೈಗೆ ಕೊಟ್ಟು, "ರೀ, ನೀವೇನೂ ಯೋಚನೆ ಮಾಡಬೇಡಿ. ಚೀಟಿ ಕೊಡಿ, ದುಡ್ಡು ಕೊಡಿ, ವಿಳಾಸ ಕೊಡಿ, ಬನ್ನಿ. ಅಷ್ಟೇ," ಎಂದು ಶನಿವಾರ ಮಧ್ಯಾಹ್ನ ಕಳಿಸಿದಳು. ಮೂವತ್ತು ವರ್ಷ ಕಸುಬು ಮಾಡಿದವನಿಗೆ ಇದಕ್ಕಿಂತ ಸುಲಭದ ಕೆಲಸ ಯಾರೂ ಕೊಟ್ಟಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಆ ಅಂಗಡಿಗೆ ಹೋಗುವ ದಾರಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವರ ಗೂಡಿಗೂ ನಡುವೆ ತಾವಿದ್ದಿರಿ. ತಾವು ಮಾಡಿದ್ದೇನೂ ಇಲ್ಲ, ಸುಮ್ಮನೆ ನೇತಾಡುತ್ತಿದ್ದಿರಿ ಎಂದು ತಮ್ಮ ಪರ ವಕೀಲರು ವಾದಿಸಬಹುದು. ಸ್ವಾಮಿ, ಹಾಗೆ ನೇತಾಡುವುದು ಸುಮ್ಮನಿರುವುದಲ್ಲ. ನಡುವೆ ಜೇನಿನ ಬಣ್ಣ, ಸುತ್ತಲೂ ಸರಿಯುತ್ತಾ ಸರಿಯುತ್ತಾ ಕೆಂಪು, ಕೆಂಪು ಕಂದಾಗಿ, ಕಂದು ಕಪ್ಪಾಗಿ ಅಂಚು ಮುಟ್ಟುವ ಹೊತ್ತಿಗೆ ಪೂರಾ ಕತ್ತಲೆ. ಇಷ್ಟಾದರೂ ಜೇನು ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಒಂದು ಬಣ್ಣ ಇನ್ನೊಂದಕ್ಕೆ ಹೀಗೆ ಸದ್ದಿಲ್ಲದೆ ಜಾಗ ಬಿಟ್ಟುಕೊಡುವುದನ್ನು ಒಂದು ಬೀರುವಿನ ಬಾಗಿಲ ಮೇಲೆ ತರಲು ನಾನು ಮೂವತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ. ನನ್ನ ಕೈಯಲ್ಲಿ ಎರಡು ಬಣ್ಣಗಳು ಸೇರುವ ಕಡೆ ಅತ್ತೆ ಸೊಸೆಯರ ನಡುವಿನ ಹಾಗೆ ಒಂದು ಗೆರೆ ಉಳಿದೇ ಉಳಿಯುತ್ತದೆ. ಆ ಗೆರೆ ತಮ್ಮಲ್ಲಿರಲಿಲ್ಲ. ನಾನು ಗಾಜಿಗೆ ಮೂಗು ಒತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು, ಬೀಗದವರು ಎರಡು ಸಲ ಬಂದು "ಏನಾದ್ರೂ ಕಳ್ಕೊಂಡ್ರಾ ಸರ್?" ಎಂದು ಕೇಳಿಹೋದರು. ಆಗ ಇಲ್ಲವೆಂದೆ. ಈಗ ಯೋಚಿಸಿದರೆ ಆ ಮನುಷ್ಯರು ಜ್ಞಾನಿಗಳು.

ಒಳಗೆ ಹೋದೆ. ಕೂದಲನ್ನು ಹಿಂದೆ ಗಂಟು ಕಟ್ಟಿಕೊಂಡಿದ್ದ ಸೇಲ್ಸ್‌ಮನ್ ಒಬ್ಬರು ಬಹಳ ಮರ್ಯಾದೆಯಿಂದ ತಮ್ಮನ್ನು ಇಳಿಸಿ ನನ್ನ ತೊಡೆಯ ಮೇಲಿಟ್ಟು, "ನುಡಿಸಿ ನೋಡ್ತೀರಾ ಸರ್?" ಎಂದರು.

"ಬೇಡ, ಬರೀ ಮುಟ್ಟಿ ನೋಡ್ತೀನಿ," ಎಂದು ನಾನು ಅಂಗೈಯನ್ನು ತಮ್ಮ ಬೆನ್ನ ಮೇಲೆ ಒಮ್ಮೆ ಜಾರಿಸಿ, ದೀಪದ ಕೆಳಗೆ ಓರೆ ಹಿಡಿದು, ಕೊನೆಗೆ ಅಭ್ಯಾಸಬಲದಿಂದ ಮೂಗಿನ ಬಳಿ ತಂದೆ.

"ಹತ್ತು ವರ್ಷದಿಂದ ಇಲ್ಲಿದೀನಿ ಸರ್," ಎಂದರು ಅವರು. "ಗಿಟಾರ್ ಮೂಸೋರನ್ನ ಇವತ್ತೇ ನೋಡಿದ್ದು. ಮುಂಚೆ ಏನು ನುಡಿಸ್ತಿದ್ರಿ?"

"ಬಾಗಿಲು," ಎಂದೆ.

ಅವರು ಅದನ್ನು ಯಾವುದೋ ಹೊಸ ವಾದ್ಯವೆಂದು ತಿಳಿದರೋ ಏನೋ, ಗೌರವದಿಂದ ತಲೆಯಾಡಿಸಿದರು. ಬಿಲ್ಲು ಬರೆಯುವಾಗ ಒಂದು ಮಾತನ್ನು ಬಿಡಿಸಿ ಹೇಳಿದರು: ಹತ್ತು ದಿನದೊಳಗೆ ಮನಸ್ಸು ಬದಲಾದರೆ ಪೂರ್ತಿ ಹಣ ವಾಪಸ್, ಆದರೆ ವಸ್ತುವಿನ ಮೇಲೆ ಒಂದು ಗೀರು, ಒಂದು ಕಲೆ, ಒಂದು ತಿದ್ದುಪಡಿ ಇರಕೂಡದು. ನಾನು ನಕ್ಕೆ. ಇಂಥದ್ದನ್ನು ತಿದ್ದುವ ಪಾಪಿ ಯಾರು ಎಂದುಕೊಂಡೆ.

ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, ನನ್ನ ಬೆನ್ನ ಮೇಲಿದ್ದ ಉದ್ದನೆಯ ಕಪ್ಪು ಚೀಲವನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ತೆಳ್ಳಗಿನ ವಾಷಿಂಗ್ ಮಷೀನ್ ಬಂದಿದ್ಯಾ ಈಗ?" ಎಂದಳು. ನಾನು ಮಾತಾಡದೆ ಚೀಲದ ಜಿಪ್ ಎಳೆದು ತಮ್ಮನ್ನು ಹೊರಗೆ ತೆಗೆದೆ, ತಾವೇ ನನ್ನ ಪರವಾಗಿ ಮಾತಾಡುವಿರೆಂಬ ನಂಬಿಕೆಯಿಂದ. ಬೀದಿಯಲ್ಲಿ ಮೂವತ್ತು ಅಡಿ ದೂರದಿಂದ ನನ್ನ ಬಾಯಿ ಕಟ್ಟಿದವರು ತಾವು. ನಮ್ಮ ಮನೆಯ ನಡುವೆ, ಒಗೆಯದ ಬಟ್ಟೆಯ ಗುಡ್ಡೆಯ ಪಕ್ಕದಲ್ಲಿ, ತಮ್ಮದೂ ಬಾಯಿ ಕಟ್ಟಿಹೋಯಿತು.

"ನೋಡು, ಈ ಬಣ್ಣ ನೋಡು," ಎಂದೆ. "ಗೆರೆ ಎಲ್ಲಿದೆ ಹೇಳು ನೋಡೋಣ."

"ಬಣ್ಣ ಚೆನ್ನಾಗಿದೆ ಅಂತ ಕಾರ್ ತಗೊಂಡು ಬರೋರು ವಾರಕ್ಕೆ ಇಬ್ಬರು ಸಿಗ್ತಾರೆ ನಂಗೆ," ಎಂದಳು. "ಗೇರ್ ಎಲ್ಲಿದೆ ಅಂದ್ರೆ ಹೊರಗಡೆ ಬಂದು ಕಾರ್‌ನೇ ಒರೆಸ್ತಾ ನಿಂತ್ಕೋತಾರೆ. ನಿಮಗೆ ಇದನ್ನ ನುಡಿಸೋಕೆ ಬರತ್ತಾ?"

"ಕಲಿತೀನಿ."

ಅವಳ ಬಲಗಾಲು ನೆಲವನ್ನು ಒತ್ತಿತು. ಬಿಲ್ಲನ್ನು ಇಸಕೊಂಡು ಓದಿ, "ಹತ್ತು ದಿನ ಇದೆ. ಮೋಹ ತೀರೋವರೆಗೂ ನೋಡ್ಕೊಳ್ಳಿ, ಆಮೇಲೆ ವಾಪಸ್ ಕೊಟ್ಟು ಮಷೀನ್ ತನ್ನಿ. ಅಲ್ಲೀವರೆಗೂ ಈ ಮನೆ ಬಟ್ಟೆ ಎಲ್ಲಾ ನಿಮ್ಮದೇ. ನನ್ನ ಬಿಳಿ ಶರ್ಟಿಗೆ ನಿಮ್ಮ ಪಾಲಿಶ್ ಪ್ಯಾಂಟ್ ತಾಗಿಸಬೇಡಿ," ಎಂದು ತೀರ್ಪು ಬರೆದು ಮುಗಿಸಿದಳು. ನ್ಯಾಯವಾದ ತೀರ್ಪು. ನಾನು ಮೇಲ್ಮನವಿ ಹಾಕಲಿಲ್ಲ.

ಮರುದಿನ ನನ್ನ ಭಾಮೈದ ಬಂದ. ಅವನು ಬಡಗಿ, ಅವನು ಮಾಡಿದ್ದಕ್ಕೆ ನಾನು ಬಣ್ಣ ಕೊಡುತ್ತೇನೆ, ಇಬ್ಬರದೂ ಒಂದೇ ವರ್ಕ್‌ಶಾಪು. ತಮ್ಮನ್ನು ನೋಡಿದವನೇ ಬಣ್ಣ ನೋಡಲಿಲ್ಲ, ಹೊಳಪು ನೋಡಲಿಲ್ಲ, ಬೆರಳಿಟ್ಟು ಎಣಿಸಿದ.

"ಭಾವ, ಎರಡು ತಂತಿ ಕಮ್ಮಿ ಇದೆ."

ಮಾನ್ಯರೇ, ಗಿಟಾರ್ ಎಂದರೆ ಆರು ತಂತಿ ಎಂಬುದು ಸಣ್ಣ ಮಕ್ಕಳಿಗೂ ತಿಳಿದ ವಿಷಯವೆಂದು ಅವತ್ತು ನನಗೆ ತಿಳಿಯಿತು. ಅಂಗಡಿಗೆ ಫೋನ್ ಮಾಡಿ, ಬಹಳ ವಿನಯದಿಂದ, ಎರಡು ತಂತಿ ಕಟ್ಟುವುದನ್ನು ಮರೆತಿದ್ದೀರಿ ಎಂದೆ. ಆ ಕಡೆಯಿಂದ ಜುಟ್ಟಿನವರು, "ಸರ್, ಅದು ಬಾಸ್. ನಾಲ್ಕೇ ಇರೋದು. ಹಾಡಿನ ಕೆಳಗಡೆ ದುಂ ದುಂ ಅಂತ ಬರತ್ತಲ್ಲ, ಅದು. ಮತ್ತೆ ಸ್ಪೀಕರ್ ಡಬ್ಬ ತಗೊಂಡ್ರಿ ತಾನೇ? ಅದಿಲ್ದೆ ಕೇಳ್ಸಲ್ಲ," ಎಂದರು. ನಾನು ಫೋನ್ ಇಟ್ಟೆ. ಭಾಮೈದ ಒಂದು ತಂತಿಯನ್ನು ಎಳೆದುಬಿಟ್ಟ. ಪಕ್ಕದ ಮನೆಯಲ್ಲಿ ಯಾರೋ ಸೋಫಾದ ಮೇಲೆ ಕುಳಿತಷ್ಟು ಸದ್ದಾಯಿತು. "ಒಳ್ಳೇದಾಯ್ತು ಬಿಡಿ ಭಾವ," ಎಂದ ಅವನು. "ನೀವು ಎಷ್ಟು ಕೆಟ್ಟದಾಗಿ ನುಡಿಸಿದ್ರೂ ಯಾರಿಗೂ ಗೊತ್ತಾಗಲ್ಲ."

ಇಂಥ ಸಂಯಮವನ್ನು ನಾನು ಬೇರೆ ಯಾವ ವಾದ್ಯದಲ್ಲೂ ಕಂಡಿಲ್ಲ ಎಂದು ಮೆಚ್ಚುಗೆಯಿಂದ ದಾಖಲಿಸುತ್ತೇನೆ. ನಾಲ್ಕು ಜನ ಸೇರಿದಲ್ಲಿ ಎಲ್ಲರಿಗಿಂತ ಚೆಂದ ಕಾಣುತ್ತಾ, ಎಲ್ಲರಿಗಿಂತ ಕಡಿಮೆ ಮಾತಾಡುತ್ತಾ ಇರುವ ಗುಣ ನನ್ನಂಥ ಬಾಯಿಬಡುಕನಿಗೆ ಬರಬೇಕಾದರೆ ಇನ್ನೊಂದು ಜನ್ಮ ಎತ್ತಬೇಕು. ಆದರೂ ಮಾನ್ಯರೇ, ನಾಲ್ಕು ದಿನ ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಬೆಳಿಗ್ಗೆ ಒಂದು ಬಕೆಟ್, ವರ್ಕ್‌ಶಾಪಿನಿಂದ ಬಂದ ಮೇಲೆ ಒಂದು ಬಕೆಟ್. ನಡುವೆ ಅರ್ಧ ಗಂಟೆ ತಾವು. ಬೆರಳುಗಳು ಸೋಪಿನಲ್ಲಿ ನೆನೆದು ಮೆತ್ತಗಾಗಿರುತ್ತಿದ್ದವು, ತಮ್ಮ ತಂತಿಗಳು ಹಳೆಯ ಲಿಫ್ಟಿನ ಹಗ್ಗದಷ್ಟು ದಪ್ಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನಗೂ ಗೊತ್ತು. ಆದರೆ ನೆಲವನ್ನು ನೋಡಿಯೇ ಕುಣಿಯಲು ಇಳಿದವನ ಬಗ್ಗೆ ಯಾರೂ ಗಾದೆ ಮಾಡಿಲ್ಲ. ನಾಲ್ಕನೆಯ ದಿನ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವುದನ್ನು ಸಾಧಿಸಿದೆ. ನನ್ನ ಹೆಂಡತಿ ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತಿ, "ಈಗ ಗೇರ್ ಬದಲಾಯಿಸಿದ್ರಿ ತಾನೇ?" ಎಂದಳು. ಹೌದೆಂದೆ. "ಗೊತ್ತಾಯ್ತು. ಬಂಡಿ ನಿಂತೇ ಹೋಯ್ತು," ಎಂದಳು.

ಈ ಸಂದರ್ಭದಲ್ಲಿ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳನ್ನು ಮಾಡಿಕೊಂಡಿದ್ದೆ, ಉತ್ತರ ಬರಲಿಲ್ಲ. ತಾವು ಸ್ವಲ್ಪ ಕುರೂಪಿಯಾಗಲು ಸಾಧ್ಯವೇ, ಪೂರ್ತಿ ಅಲ್ಲ, ನಾನು ಊಟಕ್ಕೆ ಕುಳಿತಾಗ ತಟ್ಟೆಯ ಕಡೆ ನೋಡುವಷ್ಟು? ತಮ್ಮ ಹೊಟ್ಟೆಯಲ್ಲಿ ಒಂದು ಚಿಕ್ಕ ಬಾಗಿಲು ತೆರೆಯಿಸಿ, ಏಳು ಕಿಲೋ ಬೇಡ, ದಿನಕ್ಕೆ ಎರಡು ಟವೆಲಾದರೂ ತಿರುಗಿಸಿಕೊಡುವ ಬಗ್ಗೆ ತಮ್ಮ ಅಭಿಪ್ರಾಯವೇನು? ಅದೂ ಆಗದಿದ್ದರೆ ಕಡೇ ಪಕ್ಷ ನನ್ನ ಹೆಂಡತಿಗೆ ತಮ್ಮ ಕಡೆಯಿಂದ ಎರಡು ಸಾಲಿನ ಸಮಜಾಯಿಷಿ? ಎಂಟನೆಯ ದಿನದ ಹೊತ್ತಿಗೆ, ಮಾಡಿದ್ದುಣ್ಣೋ ಮಾರಾಯ ಎಂದು ನನಗೆ ನಾನೇ ಹೇಳಿಕೊಂಡು, ತಮ್ಮನ್ನು ಕಳಿಸಿಕೊಡಲು ತೀರ್ಮಾನಿಸಿದೆ. ಯಾವ ಬೇಸರವೂ ಇಲ್ಲದೆ, ಪೂರ್ಣ ಮನಸ್ಸಿನಿಂದ. ಹೆಂಡತಿಗೆ ಹೇಳಿದಾಗ ಅವಳು ಗೆದ್ದವರ ಮುಖ ಮಾಡಲಿಲ್ಲ; "ಆಯ್ತು, ನಾನೇ ಕಾರ್ ತರ್ತೀನಿ. ವಾಪಸ್ ಬರ್ತಾ ಮಷೀನ್ ಹೇಳಿ ಬರೋಣ," ಎಂದಳು, ಅಷ್ಟೇ. ಅವಳ ಕೈಯೂ ನನ್ನ ಕೈಯ ಜೊತೆ ಸೇರಿ ಅವತ್ತಿನ ಬೆಡ್‌ಶೀಟ್ ಹಿಂಡಿತು.

ಕಳಿಸುವ ಮುಂಚೆ ಬೆರಳ ಗುರುತು ಉಳಿಯಬಾರದೆಂದು ಮೆತ್ತನೆ ಬಟ್ಟೆಯಿಂದ ತಮ್ಮನ್ನು ಒರೆಸುತ್ತಿದ್ದೆ. ಆಗ ಸಿಕ್ಕಿತು. ತಮ್ಮ ಕೆಳಹೊಟ್ಟೆಯ ತಿರುವಿನಲ್ಲಿ, ತೊಡೆಯ ಮೇಲೆ ಕೂರುವ ಕಡೆ, ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ಎಟುಕುವ ಒಂದು ತೊಟ್ಟು. ಸಾಸಿವೆ ಕಾಳಿನ ಅರ್ಧದಷ್ಟು. ವಾರ್ನಿಶ್ ಹೊಡೆದವರು ಒಂದು ಕ್ಷಣ ಕೈ ನಿಲ್ಲಿಸಿದಾಗ ಇಳಿದು ಅಲ್ಲೇ ಒಣಗಿ ಕುಳಿತದ್ದು.

ನನ್ನ ಮುಖ್ಯ ದೂರು ಇಲ್ಲಿಂದ ಶುರುವಾಗುವುದರಿಂದ ತಾವು ಗಮನವಿಟ್ಟು ಕೇಳಬೇಕು. ತಮ್ಮ ನಾಲ್ಕು ತಂತಿಗೆ ನಾನು ಬೇಸರಪಡಲಿಲ್ಲ, ತಮ್ಮ ಮೌನಕ್ಕೆ ಬೇಸರಪಡಲಿಲ್ಲ. ಆದರೆ ಆ ತೊಟ್ಟನ್ನು ಇಟ್ಟುಕೊಂಡು, ಎಂಟು ದಿನ ನನ್ನ ತೊಡೆಯ ಮೇಲೆಯೇ ಕುಳಿತು, ಒಂದು ಮಾತೂ ಹೇಳದೆ ಇದ್ದಿರಲ್ಲ! ಬೇರೆಯವರ ಮನೆಗೆ ಹೋಗಿದ್ದರೆ ಅದನ್ನು ಯಾರೂ ಎಂದೂ ಗಮನಿಸುತ್ತಿರಲಿಲ್ಲ, ನನಗೆ ಗೊತ್ತು. ನನ್ನ ಮನೆಗೆ ಬಂದಿರಿ. ಊಟ ಮಾಡುವಾಗ ತೊಟ್ಟು, ಬಟ್ಟೆ ಹಿಂಡುವಾಗ ತೊಟ್ಟು. ಹಲ್ಲಿನ ಸಂದಿಗೆ ಏನೋ ಸಿಕ್ಕಿಕೊಂಡವನ ಹಾಗೆ ನಾನು ಸುಮ್ಮನೆ ಕೂರಲಾರದೆ, ಒಂಬತ್ತನೆಯ ದಿನ ತಮ್ಮನ್ನು ಹಳೆಯ ಚಾದರದಲ್ಲಿ ಸುತ್ತಿ ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ.

ಭಾಮೈದ ಚಾದರ ನೋಡಿಯೇ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಭಾವ, ಬೇಡ. ನಾಳೆ ವಾಪಸ್ ಹೋಗೋ ವಸ್ತು."

"ಒಂದೇ ಒಂದು ಉಜ್ಜು ಕಣೋ."

"ನಿಮ್ಮ ಒಂದು ಉಜ್ಜು ನಂಗೊತ್ತಿಲ್ವಾ? ಹಲ್ಲಿನ ಡಾಕ್ಟ್ರು ಮೇಜಿಗೆ ಒಂದು ಉಜ್ಜು ಅಂತ ಹೋಗಿ, ಆಸ್ಪತ್ರೆ ಬಾಗಿಲೆಲ್ಲಾ ಬಿಚ್ಚಿಸಿದ್ರಿ. ಮೂರು ದಿನ ರೋಗಿಗಳು ಬೀದಿಗೆ ಕಾಣೋ ಹಾಗೆ ಬಾಯಿ ತೆಗೆದು ಕೂತಿದ್ರು. ಅಕ್ಕನಿಗೆ ಗೊತ್ತಾದ್ರೆ?"

"ಯಾರಿಗೂ ಗೊತ್ತಾಗಲ್ಲ."

"ಅದಕ್ಕೇ ಹೇಳ್ತಿರೋದು," ಎಂದ ಅವನು. "ಯಾರಿಗೂ ಗೊತ್ತಾಗದೇ ಇರೋ ಕೆಲಸ ಯಾಕೆ ಮಾಡ್ತೀರಿ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ನೀರಿನಲ್ಲಿ ನೆನೆಸಿ ಉಜ್ಜುವ ಅತಿ ನುಣುಪಾದ ಕಾಗದವನ್ನು, ನಾವು ವಾಟರ್ ಪೇಪರ್ ಎನ್ನುವುದನ್ನು, ಉಗುರಿನಷ್ಟು ಕತ್ತರಿಸಿ ಒಂದು ರಬ್ಬರಿಗೆ ಸುತ್ತಿದೆ. ಒಂದು ಹನಿ ಸೋಪಿನ ನೀರು. ಆ ತೊಟ್ಟನ್ನು ಬಿಟ್ಟು ಆಚೀಚೆ ಕೂದಲೆಳೆಯಷ್ಟೂ ತಾಗದ ಹಾಗೆ ಸಣ್ಣ ಸಣ್ಣ ಸುತ್ತು. ಒರೆಸುವುದು, ಮುಟ್ಟುವುದು, ಮತ್ತೆ ಸುತ್ತು. ತೊಟ್ಟು ಹೋದ ಮೇಲೆ ಅಲ್ಲೊಂದು ಮಂಕು ಕಲೆ ಉಳಿಯುತ್ತದೆ. ಅದಕ್ಕೆ ಇನ್ನೂ ನುಣುಪಿನ ಕಾಗದ, ಆಮೇಲೆ ಹೊಳಪಿನ ಪುಡಿ, ಆಮೇಲೆ ಬರೀ ಉಣ್ಣೆ, ಕೊನೆಗೆ ಬರೀ ಬಾಯಿಯ ಹಬೆ ಮತ್ತು ಅಂಗೈ. ನಾಲ್ಕು ಗಂಟೆ ಹಿಡಿಯಿತು. ಮೇಲಿನ ಟ್ಯೂಬ್‌ಲೈಟಿನ ಪ್ರತಿಬಿಂಬ ಆ ಜಾಗವನ್ನು ದಾಟುವಾಗ ಎಲ್ಲೂ ಬಳುಕದೆ ನೆಟ್ಟಗೆ ದಾಟಬೇಕು. ಅದು ನಮ್ಮ ಕಸುಬಿನ ಕೊನೆಯ ಪರೀಕ್ಷೆ. ದಾಟಿತು. ಭಾಮೈದ ಬಂದು ಬಗ್ಗಿ ನೋಡಿ, ಬಹಳ ಹೊತ್ತು ನೋಡಿ, "ಎಲ್ಲಿತ್ತು?" ಎಂದ. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಬಹುಮಾನಗಳಲ್ಲಿ ಅದು ದೊಡ್ಡದು.

ಹತ್ತನೆಯ ದಿನ ನಾವು ಮೂವರೂ ಅಂಗಡಿಗೆ ಹೋದೆವು. ಹೆಂಡತಿ ಕಾರು ಓಡಿಸಿದಳು, ತಾವು ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡಿದ್ದಿರಿ. ತಿದ್ದುಪಡಿ ಇರಕೂಡದು ಎಂಬ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆದರೆ ನಾನು ಕೆಡಿಸಿಲ್ಲವಲ್ಲ, ಇದ್ದದ್ದಕ್ಕಿಂತ ಚೆನ್ನಾಗಿಯೇ ವಾಪಸು ಕೊಡುತ್ತಿದ್ದೇನೆ, ಕೊಡಬೇಕಾದರೆ ಅವರೇ ನನಗೇನಾದರೂ ಕೊಡಬೇಕು, ಎಂದು ಒಳಗೊಳಗೇ ವಾದ ಹೂಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನಗೆಷ್ಟು ಕಷ್ಟವೆಂದು ಈ ಪತ್ರದ ಉದ್ದ ನೋಡಿಯೇ ತಾವು ಊಹಿಸಬಹುದು.

ಜುಟ್ಟಿನವರು ಸಣ್ಣ ಟಾರ್ಚ್ ಹಿಡಿದು ತಮ್ಮನ್ನು ತಲೆಯಿಂದ ಶುರುಮಾಡಿ ತಪಾಸಣೆ ಮಾಡುತ್ತಾ ಬಂದರು. ಕುತ್ತಿಗೆ ಸರಿ, ಬೆನ್ನು ಸರಿ, ಮುಂಭಾಗ ಸರಿ. ಹಣ ಎಣಿಸುವವರು ಗಲ್ಲಾಪೆಟ್ಟಿಗೆಯನ್ನೂ ತೆರೆದರು. ಟಾರ್ಚು ಕೆಳಹೊಟ್ಟೆಯ ತಿರುವಿಗೆ ಬಂದು ನಿಂತಿತು.

"ವಾವ್," ಎಂದರು ಅವರು, ಟಾರ್ಚಿನಿಂದ ಕಣ್ಣು ಕೀಳದೆ ನನ್ನ ಹೆಂಡತಿಗೆ ಹೇಳುತ್ತಾ. "ನೋಡಿ ಮೇಡಂ, ಈ ಮಾಡೆಲ್‌ನಲ್ಲಿ ಕೆಳಗಡೆ ಎಲ್ಲಾದ್ರೂ ಒಂದು ಚಿಕ್ಕ ತೊಟ್ಟು ಇದ್ದೇ ಇರತ್ತೆ. ಇದರಲ್ಲಿ ನೋಡಿ, ಕನ್ನಡಿ! ಮಷೀನ್ ಕೆಲಸ ಅಂದ್ರೆ ಇದು. ಕೈಯಲ್ಲಿ ಬರಲ್ಲ ಮೇಡಂ ಇದು, ಯಾರ ಕೈಯಲ್ಲೂ ಬರಲ್ಲ."

ಮಾನ್ಯರೇ, ಎದುರಿಗೆ ತೆರೆದ ಗಲ್ಲಾಪೆಟ್ಟಿಗೆ ಇತ್ತು. ಇನ್ನು ಎರಡು ನಿಮಿಷ ತೆಪ್ಪಗಿದ್ದರೆ ಏಳು ಕಿಲೋ ಬಿಳಿ ಮಷೀನು ಸಂಜೆಗೆ ಮನೆಯಲ್ಲಿ. ಪಕ್ಕದಲ್ಲಿ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಏನು ಹೊಳೆಯಿತೋ, ಅವಳ ಬಲಗಾಲು ಅಂಗಡಿಯ ನೆಲವನ್ನು ಬಲವಾಗಿ ಒತ್ತಿತು. ಗಾಡಿ ನಿಲ್ಲಲಿಲ್ಲ.

"ಬರತ್ತೆ," ಎಂದೆ.

"ಏನು ಸರ್?"

"ಕೈಯಲ್ಲೇ ಬರತ್ತೆ. ಅದು ಮಷೀನ್ ಅಲ್ಲ. ನಾನು. ನಿನ್ನೆ, ನಾಲ್ಕು ಗಂಟೆ."

ಆಮೇಲೆ ನಾನು ತಡೆಯಲಾಗದೆ ಕಾಗದದಿಂದ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬದವರೆಗೆ ಪೂರ್ತಿ ವಿವರಿಸಿದೆನಂತೆ. ಕೈಸನ್ನೆ ಮಾಡಿ, ಅವರದೇ ಕೌಂಟರಿನ ಮೇಲೆ ಉಜ್ಜಿ ತೋರಿಸಿದೆನಂತೆ. ಜುಟ್ಟಿನವರು ಕೊನೆಯವರೆಗೂ ಕೇಳಿ, ನಿಜವಾದ ದುಃಖದಿಂದ, "ಸರ್, ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ," ಎಂದರು. "ಈಗ ಗೊತ್ತಾಗೋಯ್ತಲ್ಲ. ತಿದ್ದುಪಡಿ ಅಂತ ಬರೀಬೇಕು." ಗಲ್ಲಾಪೆಟ್ಟಿಗೆ ಮುಚ್ಚಿಕೊಂಡಿತು. ತಮ್ಮಿಂದ ಎಂದೂ ಬಾರದ ಸ್ಪಷ್ಟವಾದ ಸದ್ದು ಅದರಿಂದ ಬಂತು.

ಕಾರಿನಲ್ಲಿ ನನ್ನ ಹೆಂಡತಿ ಎಲ್ಲ ಸಿಗ್ನಲ್ಲಿನಲ್ಲೂ ನಿಯಮದ ಪ್ರಕಾರ ನಿಂತಳು. ವಾಷಿಂಗ್ ಮಷೀನಿನ ಅಂಗಡಿಯ ಮುಂದೆ ಹಾದುಹೋಗುವಾಗ ಸ್ವಲ್ಪ ನಿಧಾನ ಮಾಡಿದಳು, ನನಗೆ ಕಾಣಲೆಂದು. ಬೈದಿದ್ದರೆ ಬಚಾವಾಗುತ್ತಿದ್ದೆ. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಚೀಲವನ್ನು ಎಳೆದುಕೊಂಡು ಜಿಪ್ ತೆಗೆದು, ತಮ್ಮನ್ನು ಮೊದಲ ಬಾರಿಗೆ ತನ್ನ ಕೈಯಾರೆ ಎತ್ತಿ ಮಡಿಲಲ್ಲಿಟ್ಟುಕೊಂಡಳು. ದೀಪ ಹಾಕಲಿಲ್ಲ. ಹೆಬ್ಬೆರಳನ್ನು ಅಂಚಿಗಿಟ್ಟು ಕಣ್ಣು ಮುಚ್ಚಿ, ಮೇಲಿನಿಂದ ಕೆಳಕ್ಕೆ, ತಿರುವಿನಲ್ಲಿ, ಮೆಲ್ಲಗೆ ಜಾರಿಸುತ್ತಾ ಬಂದಳು. ಭಾಮೈದನ ಕಣ್ಣಿಗೆ ಸಿಗದ, ಟಾರ್ಚಿಗೂ ಸಿಗದ ಜಾಗ ಅದು. ಅವಳಿಗೂ ಸಿಗಲಿಕ್ಕಿಲ್ಲವೆಂದು ನಾನು ಹೆಮ್ಮೆಯಿಂದ, ಸ್ವಲ್ಪ ಹೆದರಿಕೆಯಿಂದ ಕಾಯುತ್ತಿದ್ದೆ. ಬೆರಳು ನಿಂತಿತು.

"ಇಲ್ಲಿ," ಎಂದಳು.

"ಹೇಗೆ ಗೊತ್ತಾಯ್ತು?" ಎಂದೆ. "ಅಲ್ಲೇನಾದ್ರೂ ತಗ್ಗಿದ್ಯಾ? ಉಬ್ಬಿದ್ಯಾ?"

"ಏನೂ ಇಲ್ಲ. ಮಿಕ್ಕಿದ್ದೆಲ್ಲಾ ಅಂಗಡಿ ಸಾಮಾನು ಥರ ಇದೆ. ಇಲ್ಲಿ ಮಾತ್ರ ನಮ್ಮನೆ ಬಾಗಿಲು ಮುಟ್ಟಿದ ಹಾಗಾಗತ್ತೆ," ಎಂದು ಕಣ್ಣು ತೆರೆದಳು. ಆಮೇಲೆ ಬೆರಳನ್ನು ಇನ್ನೂ ಅಲ್ಲೇ ಇಟ್ಟುಕೊಂಡು, "ಆದ್ರೂ ನೀವು ದಡ್ಡರು ರೀ," ಎಂದಳು. "ಮಷೀನ್ ಬರೋವರೆಗೂ ಒಗೆಯೋದು ನೀವೇ. ಅದರಲ್ಲಿ ಬದಲಾವಣೆ ಇಲ್ಲ."

ಮಾನ್ಯರೇ, ಮೂವತ್ತು ವರ್ಷದಿಂದ ನನ್ನ ಕೆಲಸ ಚೆನ್ನಾಗಿ ಆಯಿತೆಂದರೆ ಅದು ಕಾಣಬಾರದು ಎಂದೇ ನಂಬಿದ್ದವನು ನಾನು. ಕಂಡುಹಿಡಿಯುವವರು ಒಬ್ಬರು ನನ್ನ ಮನೆಯಲ್ಲೇ ಇದ್ದರೆಂದು, ಅವರ ಬಟ್ಟೆಯನ್ನೇ ನಾನು ಒಗೆಯುತ್ತಿದ್ದೇನೆಂದು ತಿಳಿಯಲು ತಾವು ಬರಬೇಕಾಯಿತು. ಇದಕ್ಕಾಗಿ ಧನ್ಯವಾದ ಹೇಳಿದರೆ ದೂರಿನ ತೂಕ ಕಡಿಮೆಯಾಗುತ್ತದೆ, ಆದ್ದರಿಂದ ಹೇಳುವುದಿಲ್ಲ. ತಾವು ನಾಲ್ಕನೆಯ ಕುರ್ಚಿಯಲ್ಲಿ ಇನ್ನಷ್ಟು ದಿನ ಇರಬಹುದು. ಬಾಡಿಗೆಯಾಗಿ ದಿನಕ್ಕೊಂದು ಸ್ವರವನ್ನು ನನಗೆ ಕಲಿಸಿಕೊಟ್ಟರೆ ಸಾಕು. ಕಷ್ಟವೆನಿಸಿದರೆ ತಾವೇ ನುಡಿದುಕೊಳ್ಳಿ, ನಾನು ಪಕ್ಕದಲ್ಲಿ ಕುಳಿತು ಬೆರಳಾಡಿಸುತ್ತಿರುತ್ತೇನೆ. ಬಕೆಟ್ಟಿನಲ್ಲಿ ನೀರು ತಣ್ಣಗಾಗುತ್ತಿದೆ, ಇನ್ನು ಬಿಳಿ ಶರ್ಟುಗಳ ಸರದಿ.

ತಮ್ಮ ಬಣ್ಣಕ್ಕೆ ಬಲಿಯಾದ, ಆದರೂ

ತಮ್ಮ ವಿಶ್ವಾಸಿ,
ಪಾಲಿಶಿನವನು

ಮರೆತ ಮಾತು: ಅಂಗಡಿಯ ಜುಟ್ಟಿನ ಮಹಾಶಯರೇ, ತಾವು ಇದನ್ನು ಓದುವಿರೆಂದು ನಂಬಿ ತಿಳಿಸುವುದೇನೆಂದರೆ, ಹೊರಗೆ ಬರುವಾಗ ಗಾಜಿನೊಳಗೆ ತಾವು ಹೊಸದಾಗಿ ನೇತುಹಾಕಿದ ನೀಲಿ ಗಿಟಾರನ್ನು ನೋಡಿದೆ. ಎಡ ಅಂಚಿನಲ್ಲಿ ಮೂರು ತೊಟ್ಟುಗಳಿವೆ, ರಸ್ತೆಯಾಚೆಯಿಂದಲೇ ಕಾಣುತ್ತವೆ. ಬಟ್ಟೆಯಿಂದ ಒರೆಸಬೇಡಿ, ಹೋಗುವುದಿಲ್ಲ. ತಮ್ಮ ಮಷೀನನ್ನೇ ಕರೆಸಿ ತೆಗೆಸಿರಿ. ಯಾರ ಕೈಯಲ್ಲೂ ಬರದ ಆ ಕೆಲಸಕ್ಕೆ ಒಂದು ಕೈ ನನಗೆ ಗೊತ್ತಿದೆ, ಆದರೆ ಈ ತಿಂಗಳು ಅದಕ್ಕೆ ಬಿಡುವಿಲ್ಲ.